ಹುಳದ ಕಲೆಕ್ಟರ್

ಸರಕಾರಿ ಕಾಗದಪತ್ರಗಳಲ್ಲಿ ಧೀರೇಂದ್ರರಾಯರ ಹುದ್ದೆಯ ಹೆಸರು ‘ಇನ್ಸೆಕ್ಟ್ ಕಲೆಕ್ಟರ್’. ಊರೂರು ತಿರುಗಿ ಬಾವಿ, ಹಳ್ಳ, ಗಟಾರು, ನೀರಿನ ತೊಟ್ಟಿಗಳಲ್ಲಿ ಸೊಳ್ಳೆಯ ಮರಿಗಳಿವೆಯೇ ಎಂದು ಹುಡುಕಿ ಹಿಡಿದು ತರುವುದು ಅವರ ಕೆಲಸ. ಜಿಲ್ಲಾಧಿಕಾರಿಯನ್ನು ಕಲೆಕ್ಟರ್ ಸಾಹೇಬರು ಎಂದೇ ಕರೆಯುವ ನಮ್ಮ ಭಾಗದಲ್ಲಿ ಇದು ಒಳ್ಳೆಯ ತಮಾಷೆಯಾಗಿತ್ತು. ಚಿತ್ತಾಪುರದ ಚಹಾದ ಅಂಗಡಿಗೆ ಅವರು ಕಾಲಿಟ್ಟರೆ ಯಾರಾದರೊಬ್ಬರು, “ಜಾಗಾ ಬಿಡ್ರಪ್ಪೋ, ಹುಳದ ಕಲೆಕ್ಟರ್ ಬಂದಾರ” ಎನ್ನುತ್ತಿದ್ದರು. ರಾಯರು ನಕ್ಕು, ಬಿಟ್ಟ ಜಾಗದಲ್ಲಿ ಕುಳಿತು, ಚಹಾ ತರಿಸಿಕೊಳ್ಳುತ್ತಿದ್ದರು.

ನಾನು ಭಾಗ್ಯಜ್ಯೋತಿ, ಶಹಾಬಾದಿನವಳು. ೧೯೯೬ರಲ್ಲಿ ಚಿತ್ತಾಪುರದ ಮಲೇರಿಯಾ ಘಟಕಕ್ಕೆ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದಾಗ ನನಗೆ ಸಿಕ್ಕಿದ್ದು ಕಿಟಕಿಯ ಪಕ್ಕದ ಒಂದು ಮೇಜು, ಒಂದು ಮೈಕ್ರೋಸ್ಕೋಪು, ಜ್ವರ ಬಂದವರ ರಕ್ತ ಸವರಿದ ಗಾಜಿನ ಪಟ್ಟಿಗಳ ರಾಶಿ. ಎದುರಿನ ಮೇಜು ರಾಯರದು. ಅದರ ಮೇಲೆ ಉದ್ದ ಹಿಡಿಯ ಬಿಳಿ ಸೌಟು, ಇನಾಮೆಲ್ ತಟ್ಟೆ, ರಬ್ಬರಿನ ಬುಡ್ಡಿ ಇರುವ ಗಾಜಿನ ನಳಿಗೆ. ಹಣೆಗೆ ಅಂಗಾರ ಅಕ್ಷತೆ, ಮೊಣಕಾಲ ತನಕ ಮಡಚಿದ ಪ್ಯಾಂಟು, ಕೈಯಲ್ಲಿ ಚಪ್ಪಲಿ: ಹೀಗೆ ಅವರು ಯಾವುದೋ ಹಳ್ಳದಿಂದ ನೇರವಾಗಿ ಕಚೇರಿಗೆ ಬರುವುದನ್ನು ಮೊದಲ ದಿನ ನೋಡಿದಾಗ ನನಗೆ ನಗು ತಡೆಯಲಾಗಿರಲಿಲ್ಲ.

ಮನೆಯಲ್ಲಿ ಅವರ ತಾಯಿ ಅನಸೂಯಾಬಾಯಿಯವರಿಗೆ ಮಗನ ನೌಕರಿಯ ಬಗ್ಗೆ ಎರಡು ತಕರಾರು. ಒಂದು, ಕಂಡ ಕಂಡ ಗಟಾರದಲ್ಲಿ ಕೈ ಹಾಕುವುದು. ಇನ್ನೊಂದು, ಹುಳ ಕೊಲ್ಲುವವರಿಗೆ ಅವುಗಳ ವಿಳಾಸ ಹೇಳಿಕೊಡುವುದು. ಮೊದಲನೆಯದಕ್ಕೆ ಪರಿಹಾರವಿತ್ತು. ಹಿತ್ತಿಲ ಬಾಗಿಲಿನಿಂದ ಬಂದು ಬಾವಿಯ ಕಟ್ಟೆಯ ಮೇಲೆ ತಲೆಗೆ ನೀರು ಸುರಿದುಕೊಂಡ ಮೇಲೆಯೇ ಒಳಗೆ ಪ್ರವೇಶ. ಎರಡನೆಯದಕ್ಕೆ ಇರಲಿಲ್ಲ.

ಇಲಾಖೆಗೆ ಬೇಕಾಗಿದ್ದು ಸೊಳ್ಳೆಯ ಮರಿ ಮಾತ್ರ. ಸೌಟಿನಲ್ಲಿ ಬಂದ ಉಳಿದ ಜೀವಗಳನ್ನೆಲ್ಲ ಚೆಲ್ಲಿಬಿಡಬೇಕು. ಮೊದಲ ಕೆಲವು ವರ್ಷ ರಾಯರೂ ಚೆಲ್ಲಿದರಂತೆ. ಆಮೇಲೆ ಚೆಲ್ಲುವ ಮೊದಲು ಒಂದು ಸಲ ನೋಡುವ ಚಟ ಹತ್ತಿತು. ನೋಡುತ್ತ ನೋಡುತ್ತ ತಟ್ಟೆಯ ನೀರು ಬಿಸಿಲಿಗೆ ಬೆಚ್ಚಗಾಗುತ್ತಿತ್ತು, ಊರಿಗೆ ಹಿಂದಿರುಗುವ ಬಸ್ಸು ಹೋಗಿಬಿಡುತ್ತಿತ್ತು.

ಆ ವರ್ಷ ಮಳೆಗಾಲ ಮುಗಿದು ಹಳ್ಳಗಳ ನೀರು ತಿಳಿಯಾಗುವ ಹೊತ್ತಿಗೆ ಅವರು ವಾಡಿಯ ಕಡೆ ಹೋಗಿದ್ದರು. ಊರ ಹೊರಗಿನ ಒಂದು ಹಳ್ಳ, ಮೇಲೆ ರೈಲಿನ ಸೇತುವೆ. ಸೇತುವೆಯ ಕೆಳಗಿನ ಕಲ್ಲುಗಳ ಸಂದಿಯಲ್ಲಿ ಸೌಟು ಅದ್ದಿ ತಟ್ಟೆಗೆ ಸುರಿದಾಗ, ಒಂದು ನೀಲಿ ಚೂರು ನಡೆಯತೊಡಗಿತು. ತೇಲುತ್ತಿರಲಿಲ್ಲ, ನಡೆಯುತ್ತಿತ್ತು. ಅದನ್ನು ಬಾಟಲಿಯಲ್ಲಿ ಹಾಕಿಕೊಂಡು, ಊಟಕ್ಕೂ ಹೋಗದೆ, ನನ್ನ ಮೇಜಿಗೆ ತಂದರು.

“ತಂಗಿ, ನಿಮ್ಮ ರಕ್ತದ ಕೆಲಸ ಒಂದ್ ಗಳಿಗಿ ನಿಲ್ಸರಿ. ಇದೇನದ ನೋಡಿ ಹೇಳ್ರಿ.”

ಮೈಕ್ರೋಸ್ಕೋಪಿನ ಸಣ್ಣ ಮಸೂರದ ಕೆಳಗೆ ಒಂದು ಕೊಳವೆ ಕಂಡಿತು, ಜೋಳದ ಕಾಳಿಗಿಂತ ಸ್ವಲ್ಪ ಉದ್ದ. ಒಂದು ತುದಿಯಿಂದ ಕಂದು ಬಣ್ಣದ ತಲೆ ಮತ್ತು ಆರು ಕಾಲು ಹೊರಗೆ ಬಂದಿದ್ದವು. ಕೊಳವೆಯನ್ನು ಮರಳಿನ ಕಣಗಳಿಂದ ಕಟ್ಟಿತ್ತು, ಗವಂಡಿ ಕಲ್ಲಿಗೆ ಕಲ್ಲು ಕೂಡಿಸಿದ ಹಾಗೆ. ಆದರೆ ಅರ್ಧಕ್ಕಿಂತ ಹೆಚ್ಚು ಭಾಗ ಮರಳಲ್ಲ. ನೀಲಿ ಮತ್ತು ಬಿಳಿ ಎಳೆಗಳ ತುಂಡುಗಳು ಒಂದರ ಪಕ್ಕ ಒಂದು, ತುದಿಗಳು ಹೊರಗೆ ಚಾಚಿಕೊಂಡು.

ಇಂಥ ಹುಳ ರಾಯರು ಬಹಳ ನೋಡಿದ್ದರು. ಹಳ್ಳದ ತಳದಲ್ಲಿ ಮರಳಿನ ಮನೆಯನ್ನು ಬೆನ್ನಿಗೆ ಹೊತ್ತುಕೊಂಡು ತಿರುಗುವ ಹುಳ. ನೀಲಿ ಮನೆ ಮಾತ್ರ ಇದೇ ಮೊದಲು.

“ಇದು ಹುಲ್ಲಲ್ಲ, ನಾರಲ್ಲ. ಪ್ಲಾಸ್ಟಿಕ್ ಅದರಿ” ಎಂದೆ.

“ಅದು ನನಗೂ ಕಂಡದ. ಹಳ್ಳಕ್ಕ ಎಲ್ಲಿಂದ ಬಂತು? ಮರಳು ಬೇಕಾದಷ್ಟು ಇದ್ದಾಗ ಇದಕ್ಕ ಯಾಕ ಬೇಕಾಯ್ತು?”

ಮರುದಿನ ಶಹಾಬಾದಿನಿಂದ ಬಂದ ನಾನು ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಲು ಇಳಿದಾಗ ರಾಯರು ಪ್ಲಾಟ್‌ಫಾರ್ಮಿನಲ್ಲೇ ಕಾಯುತ್ತಿದ್ದರು. ಇಬ್ಬರೂ ಹಳ್ಳದ ದಂಡೆ ಹಿಡಿದು ಮೇಲಕ್ಕೆ ನಡೆದೆವು. ಸ್ವಲ್ಪ ದೂರ ಹೋಗುತ್ತಲೇ ಧಪ್ ಧಪ್ ಎಂಬ ಸಪ್ಪಳ ಕೇಳಿಸಿತು. ಮೂರ್ನಾಲ್ಕು ಹೆಂಗಸರು ನೀರಿನಲ್ಲಿ ನಿಂತು ಸಿಮೆಂಟಿನ ಖಾಲಿ ಚೀಲಗಳನ್ನು ಬಂಡೆಗೆ ಬಡಿದು ಒಗೆಯುತ್ತಿದ್ದರು. ಆ ವರ್ಷಗಳಲ್ಲಿ ಸೆಣಬಿನ ಚೀಲಗಳು ಕಡಿಮೆಯಾಗಿ ಪ್ಲಾಸ್ಟಿಕ್ ನೇಯ್ಗೆಯ ಚೀಲಗಳು ಎಲ್ಲ ಕಡೆ ಬಂದಿದ್ದವು. ಮನೆ ಕಟ್ಟುವವರ ಹತ್ತಿರ ಅವನ್ನು ಕೊಂಡು, ತೊಳೆದು ಒಣಗಿಸಿ, ಕಾಳು ತುಂಬಲು, ರಾಶಿ ಮುಚ್ಚುವ ತಾಡಪತ್ರಿ ಹೊಲಿಯಲು ಮಾರುತ್ತಿದ್ದವಳು ನೂರಜಹಾನ್. ದಪ್ಪ ಮೈಯ, ದೊಡ್ಡ ದನಿಯ ಹೆಂಗಸು. ನಾವು ಹತ್ತಿರ ಬರುತ್ತಿದ್ದಂತೆ ದಂಡೆಯ ಮೇಲಿದ್ದವನೊಬ್ಬ “ಕಲೆಕ್ಟರ್, ಕಲೆಕ್ಟರ್” ಎಂದು ಕೂಗಿಬಿಟ್ಟ. ಹೆಂಗಸರು ಚೀಲಗಳನ್ನು ಬಗಲಿಗೆ ಅವಚಿಕೊಂಡು ನಿಂತರು. ನೂರಜಹಾನ್ ಮಾತ್ರ ಮುಂದೆ ಬಂದಳು.

“ಸಾಬ್, ನಮ್ದೇನೂ ತಪ್ಪಿಲ್ಲರಿ. ಹಳ್ಳದ ನೀರು, ಸರ್ಕಾರದ್ದು ಅಂತ ಬೋರ್ಡ್ ಇಲ್ಲ.”

“ನಾನು ಆ ಕಲೆಕ್ಟರ್ ಅಲ್ಲವ್ವಾ. ಹುಳಾ ಹಿಡಿಯಾಂವ” ಎಂದು ರಾಯರು ಬಾಟಲಿ ಮತ್ತು ತಮ್ಮ ಕೈಮಸೂರ ಎರಡನ್ನೂ ಅವಳ ಕೈಗೆ ಕೊಟ್ಟರು.

ಅವಳು ಬಿಸಿಲಿಗೆ ಹಿಡಿದು ನೋಡಿದಳು. ಮೊದಲು ಹುಬ್ಬು ಗಂಟಾಯಿತು, ಆಮೇಲೆ ಮುಖವೆಲ್ಲ ಅರಳಿತು. “ಯಾ ಅಲ್ಲಾ! ಇದು ನನ್ನ ಚೀಲಾ ಉಟ್ಟಾದಲ್ಲ!” ಎಂದು ಉಳಿದವರನ್ನು ಕರೆದಳು. ಎಲ್ಲರೂ ಸರದಿಯ ಮೇಲೆ ನೋಡಿ ನಕ್ಕರು. ಬಂಡೆಯ ಮೇಲೆ ನಾವು ಬೆರಳಾಡಿಸಿದರೆ ನೀಲಿ, ಬಿಳಿ ಎಳೆಗಳ ಪುಡಿ ಬೆರಳಿಗೆ ಅಂಟುತ್ತಿತ್ತು. ಪ್ರತಿ ಬಡಿತಕ್ಕೂ ಅಷ್ಟಷ್ಟು ನೀರಿಗೆ ಹೋಗುತ್ತಿತ್ತು.

ಎಳೆಯ ಮೂಲ ಸಿಕ್ಕಿತು. ರಾಯರ ಇನ್ನೊಂದು ಪ್ರಶ್ನೆ ಹಾಗೇ ಉಳಿದಿತ್ತು. ಹುಳ ಅದನ್ನು ಬೇಕೆಂದು ಆರಿಸಿಕೊಂಡಿತೋ, ಬೇರೆ ಸಿಗದೆ ತೆಗೆದುಕೊಂಡಿತೋ? ಸೇತುವೆಯ ಕೆಳಗಿನಿಂದ ಒಂದಿಷ್ಟು ಹುಳಗಳನ್ನು ಮನೆಗೆ ಒಯ್ದರು. ಕಸಬರಿಗೆಯ ಕಡ್ಡಿಯಿಂದ ಅವುಗಳ ಮನೆಯ ಹಿಂಬದಿಯ ಸಣ್ಣ ಕಿಂಡಿಯಲ್ಲಿ ಮೆಲ್ಲಗೆ ಒತ್ತಿದರೆ ಹುಳ ಮುಂದಿನಿಂದ ಬರಿಮೈಯಲ್ಲಿ ಹೊರಗೆ ಬರುತ್ತದೆ. ಹಾಗೆ ಹೊರಗೆ ತೆಗೆದವನ್ನು ಬೇರೆ ಬೇರೆ ಬಟ್ಟಲುಗಳಲ್ಲಿ ಬಿಟ್ಟರು. ಒಂದರಲ್ಲಿ ಮರಳು, ಒಂದರಲ್ಲಿ ಚೀಲದ ಎಳೆ, ಒಂದರಲ್ಲಿ ಎರಡೂ.

ಮರುದಿನ ನಾನು ನೋಡಲು ಹೋದಾಗ ಅನಸೂಯಾಬಾಯಿ ಸಿಟ್ಟಿನಲ್ಲಿದ್ದರು. “ನೋಡವಾ, ಇಂವ ಹುಳದ ಮನಿ ಮುರದು ಬೀದಿಗಿ ಹಾಕ್ಯಾನ. ನಮ್ಮನ್ನ ಯಾರರೆ ಹಿಂಗ ಮಾಡಿದ್ರ?”

“ಅವು ಮತ್ತ ಕಟ್ಟಿಕೊಳ್ತಾವ ಅವ್ವಾ” ಎಂದರು ರಾಯರು.

“ಕಟ್ಟೋ ತನಕಾ ನಾ ಕಾಯತೀನಿ. ಕಟ್ಟಲಿಲ್ಲಂದ್ರ ಒಯ್ದು ಹಳ್ಳಕ್ಕ ಬಿಟ್ಟು ಬರಬೇಕು.”

ಕಾಯಲು ಕುಳಿತವರು ಅಲ್ಲಿಂದ ಏಳಲಿಲ್ಲ. ಕನ್ನಡಕದ ಮುಂದೆ ಮಗನ ಮಸೂರ ಹಿಡಿದು, ಹುಳ ಒಂದೊಂದೇ ಮರಳ ಕಣವನ್ನು ಕಾಲಿನಿಂದ ಎತ್ತಿ, ತಿರುಗಿಸಿ ನೋಡಿ, ಹೊಂದದಿದ್ದರೆ ಬಿಸಾಡಿ, ಹೊಂದಿದ್ದನ್ನು ಬಾಯಿಯ ನೂಲಿನಿಂದ ಅಂಟಿಸುವುದನ್ನು ನೋಡಿದರು. “ಅಕ್ಕಿ ಹಸನ ಮಾಡಿಧಂಗ ಮಾಡ್ಲಿಕತ್ತದಲ್ಲೋ ಧೀರೂ!” ಎಂದು ಕೂಗಿದರು. ಅಂದಿನಿಂದ ಬಟ್ಟಲುಗಳ ನೀರು ಬದಲಿಸುವ ಕೆಲಸ ಅವರದೇ ಆಯಿತು. ಇನ್ನೊಂದು ಬಟ್ಟಲಿಟ್ಟು ಅದಕ್ಕೆ ರಂಗೋಲಿ ಪುಡಿ ಹಾಕಿದರು. ಆ ಹುಳ ಬೆಳ್ಳಗಿನ ಮನೆ ಕಟ್ಟಿತು. ಅದನ್ನು ನೋಡಲು ಓಣಿಯ ಹೆಂಗಸರೆಲ್ಲ ಬಂದು ಹೋದರು.

ಬರಿಯ ಎಳೆ ಹಾಕಿದ ಬಟ್ಟಲಿನ ಹುಳಗಳೂ ಮನೆ ಕಟ್ಟಿದವು. ಆದರೆ ಬಹಳ ನಿಧಾನ. ಎಳೆ ತೇಲಿ ಮೇಲೆ ಹೋಗುತ್ತಿತ್ತು, ಸಿಕ್ಕದ್ದು ಬಾಗುತ್ತಿತ್ತು. ಕಟ್ಟಿದ ಮನೆ ಮೆತ್ತಗೆ, ಒತ್ತಿದರೆ ಚಪ್ಪಟೆ. ಕೆಲವು ಅರ್ಧಕ್ಕೇ ಸತ್ತವು. ಎರಡೂ ಹಾಕಿದ ಬಟ್ಟಲಿನಲ್ಲಿ ಎಲ್ಲವೂ ಮರಳನ್ನೇ ಹುಡುಕಲಿಲ್ಲ. ಕಾಲಿಗೆ ಮೊದಲು ತಗುಲಿದ್ದನ್ನು ತೆಗೆದುಕೊಂಡವೇ ಹೆಚ್ಚು. “ಇದಕ್ಕ ಪ್ಲಾಸ್ಟಿಕ್ ಅಂದ್ರ ಗೊತ್ತಿಲ್ಲ. ಉದ್ದ ಅದ, ಹಗುರದ, ಕೈಗಿ ಸಿಕ್ತದ, ಅಷ್ಟೇ” ಎಂದರು ರಾಯರು.

ಹಗುರ ಎಂಬ ಮಾತು ಅವರ ತಲೆಯಲ್ಲಿ ಕುಳಿತುಬಿಟ್ಟಿತು. ಮಾಳಿಗೆಯ ಮಳೆನೀರು ಬೀಳಲು ಹಾಕಿದ್ದ ತಗಡಿನ ದೋಣಿಯನ್ನು ಇಳಿಸಿ, ಅಂಗಳದಲ್ಲಿ ಸ್ವಲ್ಪ ಓರೆಯಾಗಿ ಇಟ್ಟರು. ತಳಕ್ಕೆ ಹಳ್ಳದ ಮರಳು ಮತ್ತು ಸಣ್ಣ ಕಲ್ಲು. ಅದರಲ್ಲಿ ಮರಳ ಮನೆಯ ಹುಳಗಳನ್ನೂ ನೀಲಿ ಮನೆಯವನ್ನೂ ಬಿಟ್ಟು ಅವು ಕಾಲೂರುವ ತನಕ ಕಾದರು. ನಾನು ಮೇಲಿನ ತುದಿಯಿಂದ ಕೊಡದ ನೀರು ಸುರಿದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಮರಳ ಮನೆಯವು ತಲೆ ಒಳಗೆ ಎಳೆದುಕೊಂಡು ಕಲ್ಲಿನ ಬದಿಗೆ ಒತ್ತಿ ಕುಳಿತವು. ನೀಲಿ ಮನೆಯವುಗಳ ಹಿಂಭಾಗ ಮೊದಲು ಎದ್ದಿತು, ಚಾಚಿದ ಎಳೆಗಳಿಗೆ ನೀರು ಸಿಕ್ಕಿತು, ಒಂದೊಂದಾಗಿ ಮಗುಚಿ ಉರುಳಿ ಕೆಳಗಿನ ಬಕೆಟ್ಟಿಗೆ ಬಿದ್ದವು. ಬಿದ್ದವನ್ನೆಲ್ಲ ಅನಸೂಯಾಬಾಯಿ ಚಹಾ ಸೋಸುವ ಜಾಳಿಗೆಯಲ್ಲಿ ಎತ್ತಿಕೊಂಡು, “ಸಾಕು, ಇನ್ನ ಗೋಳು ಹೊಯ್ಕೋಬ್ಯಾಡ್ರಿ” ಎಂದು ಒಳಗೆ ಒಯ್ದರು.

ಹಳ್ಳದಲ್ಲಿ ಒಗೆಯುವ ಬಂಡೆಗಿಂತ ಮೇಲಿನ ಭಾಗಕ್ಕೆ ಹೋಲಿಸಿದರೆ ಕೆಳಗೆ ಹುಳ ಕಡಿಮೆ ಇರುವುದನ್ನು ರಾಯರು ಮೊದಲೇ ಕಂಡಿದ್ದರು. ಈಗ ಕಾರಣವೂ ಸಿಕ್ಕಿತು ಎಂದು ಖುಷಿಯಿಂದ ಸೇಡಂಗೆ ಹೋದರು. ಅಲ್ಲಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿದ್ದಲಿಂಗೇಶ ಅವರಿಗೆ ಪರಿಚಯದವರು. ಅವರು ಹುಳಕ್ಕೆ ಪುಸ್ತಕದ ಹೆಸರು ಹೇಳಿದರು: ಕ್ಯಾಡಿಸ್. ದೊಡ್ಡದಾದ ಮೇಲೆ ರೆಕ್ಕೆ ಬಂದು ಸಣ್ಣ ಪತಂಗದ ಹಾಗೆ ಹಾರಿಹೋಗುತ್ತದೆ ಎಂದರು. ನೀಲಿ ಮನೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಮಾತು ಕೇಳಿದರು.

“ರಾಯರ, ಚೀಲದಾಗ ಬರೇ ಎಳಿ ಇಲ್ಲಲ್ಲರಿ, ಸಿಮೆಂಟೂ ಇರ್ತದ. ಅದರ ಸುಣ್ಣಾನೂ ಅದೇ ನೀರಿಗೇ ಬೀಳ್ತದ. ಹುಳ ಕಮ್ಮಿ ಆಗಿದ್ದು ಎಳಿಯಿಂದೋ, ಸುಣ್ಣದಿಂದೋ?”

 ಬೇರೆಯವರಾಗಿದ್ದರೆ ಮುಖ ಸಪ್ಪಗಾಗುತ್ತಿತ್ತು. ರಾಯರು ವಾಪಸು ಬರುವಾಗ ಗಾಡಿಯಲ್ಲಿ ಪಕ್ಕದವರಿಗೆಲ್ಲ ಆ ಪ್ರಶ್ನೆ ಹೇಳುತ್ತ ಬಂದರಂತೆ. ಕಚೇರಿಗೆ ಬಂದು, “ತಂಗಿ, ನನ್ನ ಲೆಕ್ಕಾನೇ ತಪ್ಪು ಇರಬೌದರಿ!” ಎಂದು ಯಾರೋ ಬಹುಮಾನ ಕೊಟ್ಟ ಹಾಗೆ ಹೇಳಿದರು. ಸಿದ್ದಲಿಂಗೇಶರು ಕೊಟ್ಟಿದ್ದ ಲಿಟ್ಮಸ್ ಕಾಗದದ ಪಟ್ಟಿಗಳು ಅವರ ಜೇಬಿನಲ್ಲಿದ್ದವು.

ಒಗೆಯುವ ಬಂಡೆಯ ಹತ್ತಿರ ಅದ್ದಿದ ಕೆಂಪು ಪಟ್ಟಿ ಕೂಡಲೇ ನೀಲಿಯಾಯಿತು. ಅಲ್ಲಿ ನೀರು ಸುಣ್ಣದಂತೆಯೇ ಕ್ಷಾರ, ಒಂದು ಹುಳವೂ ಇರಲಿಲ್ಲ. ಸೇತುವೆಯ ಕೆಳಗೆ, ಇನ್ನೊಂದು ಹಳ್ಳ ಬಂದು ಕೂಡಿದ ಮೇಲೆ, ಪಟ್ಟಿಯ ಬಣ್ಣ ಬದಲಾಗಲಿಲ್ಲ. ಅಲ್ಲಿ ಹುಳಗಳಿದ್ದವು, ನೀಲಿ ಮನೆಯವೂ ಮರಳ ಮನೆಯವೂ. ಬಂಡೆಯ ಹತ್ತಿರ ಹುಳಗಳನ್ನು ಕೊಂದದ್ದು ಸುಣ್ಣ ಎಂಬುದು ಸ್ಪಷ್ಟವಾಯಿತು. ಎಳೆ ಏನು ಮಾಡುತ್ತಿದೆ ಎಂಬುದು ಆಗಲಿಲ್ಲ.

ಅದನ್ನು ತೋರಿಸಿದ್ದು ದೀಪಾವಳಿ ಕಳೆದ ಮೇಲೆ ಬಿದ್ದ ಅಕಾಲದ ಮಳೆ. ಮಳೆ ನಿಂತ ಮರುದಿನ ಸೇತುವೆಯ ಹತ್ತಿರ ಹೋದೆವು. ಕಲ್ಲುಗಳ ಸಂದಿಯಲ್ಲಿ ಮರಳ ಮನೆಯ ಹುಳಗಳು ಇದ್ದಲ್ಲೇ ಇದ್ದವು. ನೀಲಿಯವು ಒಂದೂ ಕಾಣಲಿಲ್ಲ. ಕೆಳಗೆ ಹಳ್ಳ ತಿರುಗುವಲ್ಲಿ ದಂಡೆಯ ಮೇಲೆ ನೊರೆಯ ಗೆರೆ ಒಣಗಿತ್ತು. ಅದರಲ್ಲಿ ಕಸ, ಜಾಲಿಯ ಎಲೆ, ಅವುಗಳ ನಡುವೆ ನೀಲಿ ಮನೆಗಳು. ಒಳಗೆ ಹುಳಗಳು ಒಣಗಿ ಭತ್ತದ ಹೊಟ್ಟಿನಂತಾಗಿದ್ದವು. ರಾಯರು ಅಲ್ಲೇ ಕುಕ್ಕುರುಗಾಲಿನಲ್ಲಿ ಕುಳಿತರು. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ ಸಂತೋಷ ಅವರ ಮುಖದಲ್ಲಿರಲಿಲ್ಲ.

ನೂರಜಹಾನಳಿಗೆ ಹೇಳಬೇಕೋ ಬೇಡವೋ ಎಂದು ನಾವಿಬ್ಬರೂ ಯೋಚಿಸಿದೆವು. ಅವಳ ಹೊಟ್ಟೆಪಾಡು ಅದು. ಕೊನೆಗೆ ರಾಯರು ನೊರೆಯಿಂದ ತೆಗೆದ ಒಂದು ಮನೆಯನ್ನು ಅವಳ ಅಂಗೈ ಮೇಲಿಟ್ಟು ನಡೆದದ್ದನ್ನು ಹೇಳಿದರು. ಅವಳು ನಗಲಿಲ್ಲ ಈ ಸಲ.

“ನಾನೇನ್ ಮಾಡ್ಲಿ ಸಾಬ್? ಹುಳದ ಮನಿನೂ ಉಳೀಬೇಕು, ನನ್ನ ಮನಿನೂ ನಡೀಬೇಕು.”

ಹೇಳುತ್ತ ಅವಳು ನೀರಿನಿಂದ ಕಾಲೆತ್ತಿ ದಂಡೆಯ ಮೇಲಿಟ್ಟಳು. ಆಗ ನಾನು ಅವಳ ಪಾದ ನೋಡಿದೆ. ಬೆರಳ ಸಂದಿಗಳೆಲ್ಲ ಬಿರಿದು ಬೆಳ್ಳಗಾಗಿದ್ದವು, ಹಿಮ್ಮಡಿಯಲ್ಲಿ ಹುಣ್ಣು. ಬೆಳಗಿನಿಂದ ಸಂಜೆಯವರೆಗೆ ಸಿಮೆಂಟಿನ ನೀರಿನಲ್ಲಿ ನಿಂತವರ ಕಾಲು ಅದು. “ಹುಳಕ್ಕ ಸುಡೋದು ಈ ಕಾಲಿಗೂ ಸುಡಾಕತ್ತದಲ್ಲರಿ” ಎಂದೆ ನಾನು.

ಉಪಾಯ ಹೊಳೆದದ್ದು ಆ ಪಾದಗಳಿಂದ. ನೀರೊಳಗೆ ನಿಲ್ಲದೆ ಒಗೆಯುವಂತಾದರೆ? ನಮ್ಮ ಶಹಾಬಾದಿನ ಸುತ್ತ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಗಣಿಗಳಲ್ಲಿ ಒಡೆದ ಚಪ್ಪಡಿಗಳಿಗೆ ಬರವಿಲ್ಲ. ನನ್ನ ಅಣ್ಣ ಶಿವರಾಯನಿಗೆ ಹೇಳಿ ಒಂದು ಟ್ರ್ಯಾಕ್ಟರು ತುಂಡು ಕಲ್ಲು ಹಾಕಿಸಿದೆ. ದಂಡೆಯ ಮೇಲೆ ನೂರಜಹಾನ್ ಮತ್ತು ಅವಳ ಜೊತೆಯವರು ತೊಟ್ಟಿ ಕಟ್ಟಿದರು. ಮೇಲಿನಿಂದ ಒಂದು ಸಣ್ಣ ಕಾಲುವೆ ತಂದರು. ತೊಟ್ಟಿಯಿಂದ ಹೋಗುವ ನೀರಿಗೆ ಮರಳು ತುಂಬಿದ ಒಂದು ಗುಂಡಿ, ಅದರ ಬಾಯಿಗೆ ಹಳೆಯ ಸೆಣಬಿನ ಚೀಲ. ಗುಂಡಿಯ ನೀರು ಹಳ್ಳಕ್ಕೆ ಹೋಗದೆ ನೆಲಕ್ಕೆ ಇಂಗುತ್ತಿತ್ತು. ಕೆಲವು ದಿನಗಳಲ್ಲಿ ಸೆಣಬಿನ ಮೇಲೆ ನೀಲಿ ಬಿಳಿ ಎಳೆ ಕಂಬಳಿಯ ಹಾಗೆ ಕೂಡಿತು. ನೂರಜಹಾನ್ ಅದನ್ನು ಸುಲಿದು ತೋರಿಸುತ್ತ, “ಇಷ್ಟೆಲ್ಲ ನಾನು ಹಳ್ಳಕ್ಕ ಉಡಿಸ್ತಿದ್ದೆ?” ಎಂದಳು. ತೊಟ್ಟಿ ಒಂದೆರಡು ಸಲ ಒಡೆಯಿತು, ಮತ್ತೆ ಕಟ್ಟಿದರು. ಅವಳ ಕಾಲಿನ ಹುಣ್ಣು ಮಾಯಿತು. ಆ ಒಂದು ಕಾರಣಕ್ಕೇ ಅವಳು ತೊಟ್ಟಿ ಬಿಡಲಿಲ್ಲ ಎಂದು ಈಗಲೂ ನನಗನ್ನಿಸುತ್ತದೆ.

೨೦೦೧ರಲ್ಲಿ ರಾಯರಿಗೆ ಚಿಂಚೋಳಿಗೆ ವರ್ಗವಾಯಿತು. ಎಲ್ಲರೂ ಅಯ್ಯೋ ಎಂದರು. ಅವರಿಗೆ ಮಾತ್ರ ಕುಂಚಾವರಂ ಕಾಡಿನ ಹಳ್ಳಗಳನ್ನು ನೋಡುವ ಆಸೆ. ಅಲ್ಲಿ ಜ್ವರದ ಶಿಬಿರ ಹಾಕಿದಾಗ ನಾನೂ ಹೋಗಿದ್ದೆ. ಬಿದಿರಿನ ನೆರಳಿನ ಒಂದು ಹಳ್ಳ, ತಣ್ಣಗಿನ ನೀರು. ರಾಯರು ಕಲ್ಲು ಮಗುಚಿ ಮಗುಚಿ ತೋರಿಸಿದರು. ಎಲೆಯನ್ನು ದುಂಡಗೆ ಕತ್ತರಿಸಿ ಹೊಲಿದ ಮನೆ, ಹೊಳೆಯುವ ಮರಳಿನ ಮನೆ. ನೀಲಿ ಎಲ್ಲೂ ಇರಲಿಲ್ಲ. ಮನೆಯನ್ನೇ ಕಟ್ಟದ ಇನ್ನೊಂದು ಜಾತಿಯ ಹುಳ ಅಲ್ಲಿತ್ತು. ಅದು ಕಲ್ಲುಗಳ ನಡುವೆ ಜೇಡನಂತೆ ಬಲೆ ನೇಯ್ದು, ಹರಿದು ಬರುವುದನ್ನು ಹಿಡಿದು ತಿನ್ನುತ್ತದೆ.

“ಇಲ್ಲಿ ಎಲ್ಲಾ ಸ್ವಚ್ಛ ಅದರಿ ರಾಯರ” ಎಂದೆ.

“ಹಂಗ ಅನ್ನಿಸ್ತದ. ಆದ್ರ ಈ ಬಲಿ ನೋಡ್ರಿ. ಕೆಲವು ಎಳಿ ಜರಾ ದಪ್ಪ ಅದಾವ.”

ಬಲೆಯಲ್ಲಿ ಎಲ್ಲವೂ ಬೆಳ್ಳಗಿನ, ಪಾರದರ್ಶಕ ನೂಲು. ಹುಳದ ನೂಲು ಯಾವುದು, ಬೇರೆ ಯಾವುದು ಎಂದು ಕಣ್ಣಿಗೆ ತಿಳಿಯುವಂತಿರಲಿಲ್ಲ. ನಾನು ಸ್ಪಿರಿಟ್ ದೀಪ ಹಚ್ಚಿ ಸೂಜಿ ಕಾಯಿಸಿ ಒಂದೊಂದು ಎಳೆಗೆ ಮುಟ್ಟಿಸಿದೆ. ಹುಳದ ನೂಲು ಕೂದಲಿನಂತೆ ಕರಕಾಯಿತು. ದಪ್ಪ ಎಳೆಗಳು ಕರಗಿ ಮುರುಟಿ ಸಣ್ಣ ಮಣಿಗಳಾದವು. ಹಳ್ಳದ ಮೇಲ್ಭಾಗದ ಲಂಬಾಣಿ ತಾಂಡಾದಲ್ಲಿ ಗೊಬ್ಬರದ ಖಾಲಿ ಚೀಲಗಳನ್ನು ಗುಡಿಸಲಿಗೆ ಹೊದಿಸಿದ್ದರು. ಬಿಸಿಲಿಗೆ ಅವು ಪುಡಿಯಾಗುತ್ತಿದ್ದವು.

“ಕಂಡದ್ದು ನೀಲಿ, ಕಾಣದ್ದು ಎಷ್ಟದನೋ” ಎಂದರು ರಾಯರು. ಹುಳದ ಹೊಟ್ಟೆಯಲ್ಲೂ ಇದ್ದೀತೇ ಎಂಬುದು ಅವರ ಮುಂದಿನ ಪ್ರಶ್ನೆ. ಅದನ್ನು ನೋಡುವಷ್ಟು ಶಕ್ತಿಯ ಮಸೂರ ನಮ್ಮಲ್ಲಿರಲಿಲ್ಲ. ಸಿದ್ದಲಿಂಗೇಶರಿಗೆ ಮಾದರಿಗಳನ್ನು ಕಳಿಸಿದರು. ಅವರಿಗೂ ಖಚಿತವಾಗಿ ಹೇಳಲಾಗಲಿಲ್ಲ.

ಅದೇ ವರ್ಷಗಳಲ್ಲಿ ಅನಸೂಯಾಬಾಯಿ ತೀರಿಕೊಂಡರು. ೨೦೦೬ರಲ್ಲಿ ರಾಯರು ನಿವೃತ್ತರಾಗಿ ಚಿತ್ತಾಪುರಕ್ಕೆ ಮರಳಿದರು. ಅಷ್ಟರಲ್ಲಿ ವಾಡಿಯಲ್ಲಿ ಚೀಲ ಒಗೆಯುವ ಕೆಲಸವೇ ನಿಂತುಹೋಗಿತ್ತು. ಹೈದರಾಬಾದಿನ ವ್ಯಾಪಾರಿಗಳು ಹಳೆಯ ಚೀಲಗಳನ್ನು ತೊಳೆಯದೆಯೇ ತೂಕಕ್ಕೆ ಕೊಂಡು ಕರಗಿಸಲು ಒಯ್ಯುತ್ತಿದ್ದರು. ನೂರಜಹಾನ್ ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಳು.

ಮುಂದಿನ ಚಳಿಗಾಲ ಮೂವರೂ ಸೇರಿ ಹಳ್ಳಕ್ಕೆ ಹೋದೆವು. ಬಂಡೆಯ ಹತ್ತಿರವೂ ಹುಳಗಳು ಬಂದಿದ್ದವು. ನನಗೆ ಸಂತೋಷವಾಯಿತು. ಆದರೆ ರಾಯರು ತಟ್ಟೆಯಿಂದ ಎತ್ತಿ ತೋರಿಸಿದ ಮನೆಗಳಲ್ಲಿ ಒಂದೆರಡಕ್ಕೆ ಅದೇ ನೀಲಿ ಎಳೆ, ಮರಳಿನ ನಡುವೆ ಸಣ್ಣ ಸಣ್ಣ ತುಂಡು.

“ಚೀಲಾ ಒಗೆಯೋದು ಬಿಟ್ಟು ಎಷ್ಟೋ ವರ್ಷ ಆಯ್ತಲ್ಲ!” ಎಂದಳು ನೂರಜಹಾನ್.

“ಹುಳ ಬಾಳೋದು ವರ್ಷದೊಳಗ. ಎಳಿ ಅಲ್ಲೇ ಮರಳಾಗ ಕುಂತದ” ಎಂದರು ರಾಯರು.

ಅವಳು ಆ ಮನೆಯನ್ನು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿದಳು. “ಅಂದ್ರ ಇದರ ಮುತ್ತಜ್ಜಿ ಉಟ್ಟಿದ್ದ ಅಂಗೀನೇ ಹರಕೊಂಡು ಇದು ಉಟ್ಟಾದೇನ್ರಿ, ನಾವು ಹಳೇ ಸೀರಿ ಕೌದಿಗಿ ಹಚ್ಚಿಧಂಗ?”

ರಾಯರು ತಟ್ಟೆ ಕೆಳಗಿಟ್ಟು, ಪ್ಯಾಂಟು ಇನ್ನೂ ಮೇಲೆ ಮಡಚಿ ನೀರಿಗಿಳಿದರು. ಖಾಲಿ ಬಿದ್ದ ಹಳೆಯ ಮನೆಗಳನ್ನು ಹುಡುಕತೊಡಗಿದರು. ನಮ್ಮ ಗಾಡಿಯ ಹೊತ್ತಾಯಿತೆಂದು ಕೂಗಿದರೂ ಬರಲಿಲ್ಲ.

ಎರಡು ಚಳಿಗಾಲ ಅವರು ನೂರಜಹಾನಳ ಆ ಪ್ರಶ್ನೆಯನ್ನೇ ಹಿಡಿದು ಕುಳಿತರು. ಒಂದು ಮುಂಜಾನೆ ಕಚೇರಿಯಲ್ಲಿ ನನಗೆ ಫೋನು ಬಂತು. ರಾಯರ ದನಿಯಲ್ಲಿ ಹುಡುಗನ ಆತುರ. ಬಟ್ಟಲಿನಲ್ಲಿ ಬಿಟ್ಟಿದ್ದ ಒಂದು ಹುಳ ಖಾಲಿ ಮನೆಯೊಂದರಿಂದ ನೀಲಿ ತುಂಡನ್ನು ಕಚ್ಚಿ ಬಿಡಿಸಿ ತನ್ನ ಮನೆಗೆ ಅಂಟಿಸಿಕೊಳ್ಳುವುದನ್ನು ಅವರು ಕಣ್ಣಾರೆ ಕಂಡಿದ್ದರು.

“ನೂರಜಹಾನ್‌ಬೀ ಅಂದಿದ್ದು ಖರೇ ಅದರಿ ತಂಗಿ. ನಾನು ಈಗ ವಾಡಿಗಿ ಹೊಂಟೀನಿ, ಅಕಿಗಿ ಹೇಳಬೇಕು. ನೀವೂ ಬರ್ರಿ.”

ನಾನು ಅಂದು ಅರ್ಧ ದಿನದ ರಜೆ ಬರೆದುಕೊಟ್ಟು ಹೊರಟೆ.